ಎನ್‌ಎಫ್‌ಎಸ್ ಮೂಲಕ ಲಿನಕ್ಸ್ ಇನ್‌ಸ್ಟಾಲ್ ಆಗದಿದ್ದರೆ ಎಲ್ಲಿ ನೋಡಬೇಕು?



ನಮ್ಮ ಹಳೆಯ ಲ್ಯಾಬಿನಲ್ಲಿ ಹದಿನಾಲ್ಕು ಕಂಪ್ಯೂಟರ್‌ಗಳು ಬೇಸಿಗೆ ರಜೆಯಿಂದ ಸುಮ್ಮನೆ ಕೂತಿದ್ದವು. ಇತ್ತ ಸಿಇಬಿಎ ವಿಭಾಗದ ನಾವು ಪ್ರಾಯೋಗಿಕ ತರಗತಿಯಲ್ಲಿ ಒಂದೊಂದು ಕಂಪ್ಯೂಟರ್ ಮುಂದೆ ಮೂವರು ಕೂರುತ್ತಿದ್ದೆವು. ಕೀಬೋರ್ಡ್ ಸಿಗುವುದು ಒಬ್ಬರಿಗೆ, ಉಳಿದಿಬ್ಬರದು ನೋಡುವ ಕೆಲಸ. ಆ ಹದಿನಾಲ್ಕಕ್ಕೂ ಆಲ್ಮಾಲಿನಕ್ಸ್ ಹಾಕಲು ಸರ್ ನಮ್ಮಲ್ಲಿ ಇಬ್ಬರನ್ನು ಜೊತೆಗೆ ಸೇರಿಸಿಕೊಂಡರು. ಅಲ್ಲಿ ಕಲಿತದ್ದನ್ನು ಬರೆಯುತ್ತಿದ್ದೇನೆ, ಮುಂದಿನ ವರ್ಷ ಈ ಕೆಲಸ ನಿಮ್ಮ ಪಾಲಿಗೆ ಬರಬಹುದು.

ಪ್ರತಿ ಕಂಪ್ಯೂಟರೂ ಇಂಟರ್ನೆಟ್‌ನಿಂದ ಎಲ್ಲವನ್ನೂ ಇಳಿಸಿಕೊಂಡರೆ ದಿನಗಟ್ಟಲೆ ಬೇಕು. ಅದರ ಬದಲು ಡಿವಿಡಿಯ ಕಡತಗಳನ್ನೆಲ್ಲ ಒಂದೇ ಕಂಪ್ಯೂಟರ್‌ನಲ್ಲಿ ಇಟ್ಟು, ಉಳಿದವು ಅಲ್ಲಿಂದ ಓದಿಕೊಳ್ಳುವಂತೆ ಮಾಡಬಹುದು. ಹೀಗೆ ಹಂಚುವ ವ್ಯವಸ್ಥೆಯೇ ನೆಟ್‌ವರ್ಕ್ ಫೈಲ್ ಸಿಸ್ಟಂ, ಅಂದರೆ ಎನ್‌ಎಫ್‌ಎಸ್. 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಇದನ್ನು ರೂಪಿಸಿತು. ಪೆನ್‌ಡ್ರೈವ್‌ನಿಂದ ಇನ್‌ಸ್ಟಾಲರ್ ಶುರುಮಾಡಿ, 'ಇನ್‌ಸ್ಟಲೇಷನ್ ಸೋರ್ಸ್' ಎಂಬಲ್ಲಿ ಎನ್‌ಎಫ್‌ಎಸ್ ಆರಿಸಿ ಸರ್ವರ್‌ನ ವಿಳಾಸ ಕೊಟ್ಟರೆ ಆಯಿತು.

ಆಗದಿದ್ದಾಗ ಬರುವುದು ಒಂದೇ ಸಾಲು: 'ಎರರ್ ಸೆಟ್ಟಿಂಗ್ ಅಪ್ ಸಾಫ್ಟ್‌ವೇರ್ ಸೋರ್ಸ್'. ಕೇಬಲ್ ಬಿಚ್ಚಿದ್ದರೂ ಇದೇ, ಫೋಲ್ಡರ್ ಹೆಸರು ತಪ್ಪಿದರೂ ಇದೇ. ಇದನ್ನು ನೋಡಿ ಕೂತರೆ ಏನೂ ತಿಳಿಯುವುದಿಲ್ಲ. ನಿಜವಾದ ಮಾತು ಬೇರೆ ಪರದೆಯಲ್ಲಿದೆ. ಕಂಟ್ರೋಲ್, ಆಲ್ಟ್, ಎಫ್1 ಒಟ್ಟಿಗೆ ಒತ್ತಿ. ನಂತರ ಕಂಟ್ರೋಲ್ ಜೊತೆ ಬಿ ಒತ್ತಿ, ಬಿಟ್ಟು, 2 ಒತ್ತಿದರೆ ಆಜ್ಞೆ ಟೈಪ್ ಮಾಡುವ ಜಾಗ ಸಿಗುತ್ತದೆ. ಕಂಟ್ರೋಲ್, ಆಲ್ಟ್, ಎಫ್6 ಒತ್ತಿದರೆ ಮತ್ತೆ ಹಳೆಯ ಪರದೆ.

ಇಲ್ಲಿ ಮೊದಲು 'ಐಪಿ ಎ' ಎಂದು ಕೊಟ್ಟು ಈ ಕಂಪ್ಯೂಟರ್‌ಗೆ ವಿಳಾಸ ಸಿಕ್ಕಿದೆಯೇ ನೋಡಿ. ಸಿಗದಿದ್ದರೆ ದೋಷ ಕೇಬಲ್ಲಿನದ್ದೋ ಸ್ವಿಚ್ಚಿನದ್ದೋ, ಎನ್‌ಎಫ್‌ಎಸ್ಸಿನದ್ದಲ್ಲ. ಸಿಕ್ಕಿದ್ದರೆ ಒಂದು ಖಾಲಿ ಫೋಲ್ಡರ್ ಮಾಡಿಕೊಂಡು, 'ಮೌಂಟ್' ಆಜ್ಞೆಯಿಂದ ಸರ್ವರ್‌ನ ಫೋಲ್ಡರನ್ನು ಅದಕ್ಕೆ ನೀವೇ ಜೋಡಿಸಿ. ಈಗ ಬರುವ ಪ್ರತಿ ಉತ್ತರಕ್ಕೂ ಬೇರೆ ಬೇರೆ ಅರ್ಥವಿದೆ.

ನಮಗೆ ಹೆಚ್ಚು ಹೊತ್ತು ಹಿಡಿದದ್ದು 'ನೋ ರೂಟ್ ಟು ಹೋಸ್ಟ್'. ಸರ್ವರ್‌ಗೆ ಪಿಂಗ್ ಮಾಡಿದರೆ ಉತ್ತರ ಬರುತ್ತದೆ, ಮೌಂಟ್ ಮಾಡಿದರೆ ದಾರಿಯೇ ಇಲ್ಲ ಎನ್ನುತ್ತದೆ! ದಾರಿ ಇದೆ, ಸರ್ವರ್‌ನ ಫೈರ್‌ವಾಲ್ ಹಾಗೆ ಹೇಳಿ ಕಳಿಸುತ್ತಿದೆ. ಅಲ್ಲಿ ಎನ್‌ಎಫ್‌ಎಸ್ ಸೇವೆಗೆ ಅನುಮತಿ ಕೊಡಬೇಕು. ಎನ್‌ಎಫ್‌ಎಸ್ 4ನೇ ಆವೃತ್ತಿಗೆ 2049ನೇ ಪೋರ್ಟ್ ಒಂದೇ ಸಾಕು. 3ನೇ ಆವೃತ್ತಿಗೆ ಆರ್‌ಪಿಸಿಬೈಂಡ್ (ಪೋರ್ಟ್ 111) ಮತ್ತು ಮೌಂಟ್‌ಡಿ ಕೂಡ ಬೇಕು. 'ಶೋಮೌಂಟ್' ಆಜ್ಞೆ ಕೇಳುವುದು ಈ ಎರಡನ್ನೇ. ಆದ್ದರಿಂದ ಶೋಮೌಂಟ್ ಸೋತಿತೆಂದು ಸರ್ವರ್ ಕೆಟ್ಟಿದೆ ಎನ್ನಬೇಡಿ. 4ನೇ ಆವೃತ್ತಿ ಆರಾಮಾಗಿ ನಡೆಯುತ್ತಿರಬಹುದು.

'ಆಕ್ಸೆಸ್ ಡಿನೈಡ್ ಬೈ ಸರ್ವರ್' ಬಂದರೆ ನನಗೆ ಖುಷಿಯೇ. ನಮ್ಮ ಮನೆಯಲ್ಲಿ ಯಾರಾದರೂ ಬಾಗಿಲು ಬಡಿದರೆ ಅಮ್ಮಿ ಒಳಗಿಂದಲೇ 'ಕೌನ್?' ಎನ್ನುತ್ತಾರೆ. ಗೊತ್ತಿಲ್ಲದ ಹೆಸರಾದರೆ ಬಾಗಿಲು ತೆರೆಯುವುದಿಲ್ಲ. ಆದರೆ ಮನೆ ಇದೇ, ಒಳಗೆ ಜನ ಇದ್ದಾರೆ ಎಂದಾದರೂ ಬಂದವರಿಗೆ ಖಾತ್ರಿಯಾಗುತ್ತದೆ. ಇಲ್ಲೂ ಹಾಗೆಯೇ: ಕೇಬಲ್ ಸರಿ, ಫೈರ್‌ವಾಲ್ ಸರಿ, ಯಾರನ್ನು ಒಳಗೆ ಬಿಡಬೇಕೆಂಬ ಪಟ್ಟಿಯಲ್ಲಿ ನಮ್ಮ ವಿಳಾಸ ಇಲ್ಲ, ಅಷ್ಟೇ. ಆ ಪಟ್ಟಿ ಸರ್ವರ್‌ನ 'ಎಕ್ಸ್‌ಪೋರ್ಟ್ಸ್' ಕಡತದಲ್ಲಿದೆ. ತಿದ್ದಿದ ಮೇಲೆ 'ಎಕ್ಸ್‌ಪೋರ್ಟ್‌ಎಫ್‌ಎಸ್ -ಆರ್‌ಎ' ಕೊಡದಿದ್ದರೆ ಸರ್ವರ್ ಹಳೆಯ ಪಟ್ಟಿಯನ್ನೇ ಹಿಡಿದು ಕೂರುತ್ತದೆ.

ಅಕೌಂಟೆನ್ಸಿಯ ಬ್ಯಾಂಕ್ ರಿಕನ್ಸಿಲಿಯೇಷನ್ ನೆನಪಿಸಿಕೊಳ್ಳಿ. ಕ್ಯಾಶ್ ಬುಕ್ ಒಂದನ್ನೇ ಎಷ್ಟು ಸಲ ಕೂಡಿದರೂ ವ್ಯತ್ಯಾಸ ಎಲ್ಲಿದೆಯೆಂದು ಸಿಗುವುದಿಲ್ಲ, ಪಾಸ್‌ಬುಕ್ಕನ್ನೂ ಪಕ್ಕಕ್ಕೆ ಇಟ್ಟುಕೊಳ್ಳಬೇಕು. ಇಲ್ಲಿ ಪಾಸ್‌ಬುಕ್ ಎಂದರೆ ಸರ್ವರ್‌ನ ಲಾಗ್. ಯಾವ ವಿಳಾಸದಿಂದ, ಯಾವ ಫೋಲ್ಡರಿಗೆ ಬಂದ ಕೋರಿಕೆಯನ್ನು ತಿರಸ್ಕರಿಸಿದೆ ಎಂದು ಮೌಂಟ್‌ಡಿ ಅಲ್ಲಿ ಬರೆದಿಟ್ಟಿರುತ್ತದೆ. ಒಂದು ಕಂಪ್ಯೂಟರ್‌ನ ವಿಳಾಸ ನಾವು ಅಂದುಕೊಂಡದ್ದಲ್ಲ ಎಂದು ತಿಳಿದದ್ದು ಆ ಸಾಲಿನಿಂದಲೇ.

ಎಕ್ಸ್‌ಪೋರ್ಟ್ಸ್ ಕಡತದಲ್ಲಿ ಒಂದು ಖಾಲಿ ಜಾಗಕ್ಕೂ ಬೆಲೆಯಿದೆ. 192.168.1.0/24(ಆರ್‌ಡಬ್ಲ್ಯೂ) ಎಂದು ಅಂಟಿಸಿ ಬರೆದರೆ ಬರೆಯುವ ಹಕ್ಕು ನಮ್ಮ ಲ್ಯಾಬಿಗೆ ಮಾತ್ರ. ಕಂಸದ ಮುಂಚೆ ಒಂದು ಸ್ಪೇಸ್ ಬಿದ್ದರೆ ಲ್ಯಾಬಿಗೆ ಬರೀ ಓದುವ ಹಕ್ಕು, ಸರ್ವರ್‌ವರೆಗೆ ತಲುಪಬಲ್ಲ ಉಳಿದ ಎಲ್ಲರಿಗೂ ಬರೆಯುವ ಹಕ್ಕು! ದಶಮಾಂಶ ಬಿಂದು ಜಾರಿದ ಹಾಗೆ. ಇನ್‌ಸ್ಟಾಲ್ ಮಾಡಲು ಓದುವ ಹಕ್ಕು, ಅಂದರೆ 'ಆರ್‌ಒ' ಸಾಕು.

ಮೌಂಟ್ ಆಯಿತು, ಫೋಲ್ಡರುಗಳೂ ಕಾಣುತ್ತಿವೆ, ಆದರೂ ಅದೇ ಎರರ್ ಬರುತ್ತಿದೆಯೇ? 'ಎಲ್‌ಎಸ್ -ಎ' ಕೊಟ್ಟು '.ಟ್ರೀಇನ್ಫೋ' ಎಂಬ ಕಡತ ಇದೆಯೇ ನೋಡಿ. ಹೆಸರು ಚುಕ್ಕಿಯಿಂದ ಶುರುವಾಗುವುದರಿಂದ ಅದು ಸಾಮಾನ್ಯವಾಗಿ ಕಣ್ಣಿಗೆ ಕಾಣುವುದಿಲ್ಲ. ನಕ್ಷತ್ರ ಚಿಹ್ನೆ ಹಾಕಿ ಡಿವಿಡಿಯನ್ನು ನಕಲು ಮಾಡಿದರೆ ಅದೊಂದು ಹಿಂದೆಯೇ ಉಳಿದುಬಿಡುತ್ತದೆ. ಯಾವ ಸಾಫ್ಟ್‌ವೇರ್ ಎಲ್ಲಿದೆ ಎಂದು ಇನ್‌ಸ್ಟಾಲರ್ ತಿಳಿದುಕೊಳ್ಳುವುದು ಆ ಕಡತದಿಂದ. ನಮ್ಮ ಲ್ಯಾಬಿನ ಸರ್ವರ್‌ನಲ್ಲೂ ಅದು ಇರಲಿಲ್ಲ. ಸರ್ ಅದನ್ನು ಬೇರೆಯಾಗಿ ನಕಲು ಮಾಡಿದ ಮೇಲೆ ಮೊದಲ ನಾಲ್ಕು ಕಂಪ್ಯೂಟರ್‌ಗಳು ಒಟ್ಟಿಗೇ ಇನ್‌ಸ್ಟಾಲ್ ಆಗತೊಡಗಿದವು.

ಹದಿನಾಲ್ಕರಲ್ಲಿ ಹದಿಮೂರು ಈಗ ನಡೆಯುತ್ತಿವೆ. ಉಳಿದ ಒಂದಕ್ಕೆ ಹಾರ್ಡ್ ಡಿಸ್ಕೇ ಬದಲಾಗಬೇಕು. ಟೈಪ್ ಮಾಡುವಾಗ ಮೇಲಿನ ಆಜ್ಞೆಗಳನ್ನೆಲ್ಲ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಬರೆಯಿರಿ. ಕೆಲಸ ಮುಗಿದ ದಿನವೇ ಸರ್ವರ್‌ನಲ್ಲಿ ಆ ಹಂಚಿಕೆಯನ್ನು ನಿಲ್ಲಿಸಿ, ಫೈರ್‌ವಾಲ್‌ನಲ್ಲಿ ತೆರೆದದ್ದನ್ನು ಮುಚ್ಚಿಬಿಡಿ.