ಆರೋಗ್ಯ ಕಿರುಚಿತ್ರವೂ ನೋಡುಗರ ಮಾತೂ: ವಿದ್ಯಾರ್ಥಿಗಳಿಗೊಂದು ಪಾಠ

ಯಕ್ಷಗಾನದ ಭಾಗವತರು ಹಾಡುತ್ತಿರುವಾಗಲೂ ಅವರ ಒಂದು ಕಣ್ಣು ಸಭೆಯ ಮೇಲೆಯೇ ಇರುತ್ತದೆ. ನಡುರಾತ್ರಿ ಕಳೆದು ಪ್ರೇಕ್ಷಕರು ತೂಕಡಿಸತೊಡಗಿದರೆ ಪದ್ಯವನ್ನು ಮೊಟಕುಗೊಳಿಸಿ, ಕಾಲವನ್ನು ಏರಿಸಿ, ಮಾತುಗಾರರ ಮಾತಿಗೂ ಕಡಿವಾಣ ಹಾಕಿ ಅವರು ಆಟವನ್ನು ಮುಂದೊಯ್ಯುವುದುಂಟು. ಚಲಚ್ಚಿತ್ರಕ್ಕೆ ಈ ಸೌಕರ್ಯವಿಲ್ಲ. ಸಂಕಲನ ಮುಗಿದು ಒಮ್ಮೆ ಹೊರಬಿದ್ದ ಚಿತ್ರ, ನೋಡುವವನಿಗೆ ಅರ್ಥವಾಗಲಿ ಆಗದಿರಲಿ, ತನ್ನ ಪಾಡಿಗೆ ತಾನು ಓಡುತ್ತಿರುತ್ತದೆ. ಆದುದರಿಂದ ಭಾಗವತರು ಆಟದ ನಡುವೆ ಮಾಡುವ ಕೆಲಸವನ್ನು ಚಿತ್ರ ತೆಗೆಯುವವರು ಚಿತ್ರ ಪೂರ್ಣವಾಗುವುದಕ್ಕೆ ಮುಂಚೆಯೇ ಮಾಡಿಕೊಳ್ಳಬೇಕಾಗುತ್ತದೆ.

ಇಂದು ನಮ್ಮ ಕಾಲೇಜು ವಿದ್ಯಾರ್ಥಿಗಳಿಗೆ ಚಿತ್ರ ತೆಗೆಯುವುದು ದುಬಾರಿಯ ವಿಷಯವಾಗಿ ಉಳಿದಿಲ್ಲ. ಕೈಯಲ್ಲಿರುವ ಮೊಬೈಲಿನಲ್ಲೇ ಚಿತ್ರೀಕರಣ, ಅದರಲ್ಲೇ ಸಂಕಲನ. ಐದು, ಹತ್ತು ನಿಮಿಷಗಳ ಕಿರುಚಿತ್ರಕ್ಕೆ ಅವರು ಆರಿಸಿಕೊಳ್ಳುವ ವಿಷಯ ಅನೇಕ ಸಲ ಆರೋಗ್ಯವೇ ಆಗಿರುತ್ತದೆ. ಇದು ಸಂತೋಷದ ಸಂಗತಿ. ಆದರೆ ವಾರ್ಷಿಕೋತ್ಸವದಲ್ಲಿ ಚಿತ್ರ ತೋರಿಸಿ, ಚಪ್ಪಾಳೆ ಗಿಟ್ಟಿಸಿ, ಅದನ್ನೇ ಪ್ರೇಕ್ಷಕರ ಅಭಿಪ್ರಾಯವೆಂದು ಭಾವಿಸುವುದು ಸರಿಯಲ್ಲ. ಕಥಾಚಿತ್ರ ಸೋತರೆ ನೋಡುಗನ ಹತ್ತು ನಿಮಿಷ ವ್ಯರ್ಥವಾದೀತು, ಅಷ್ಟೇ. ಆರೋಗ್ಯ ಚಿತ್ರ ತಪ್ಪಾಗಿ ಅರ್ಥವಾದರೆ ಒಂದು ಮನೆಯ ಮಗುವಿನ ಜೀವಕ್ಕೇ ಅಪಾಯ ಬಂದೀತು.

ಈ ಮಾತು ಅತಿಶಯೋಕ್ತಿಯಲ್ಲ. ವಿಕ್ರೋಳಿಯ ವಿದ್ಯಾರ್ಥಿಗಳ ತಂಡವೊಂದು ಡೆಂಗೀ ಜ್ವರವನ್ನು ಕುರಿತು ಎಂಟು ನಿಮಿಷದ ಚಿತ್ರ ತಯಾರಿಸಿತೆಂದು ಭಾವಿಸೋಣ. ಪಶ್ಚಿಮಕ್ಕೆ ಪಾರ್ಕ್‌ಸೈಟ್, ಸೂರ್ಯನಗರಗಳ ಗುಡ್ಡದ ಮನೆಗಳು. ಪೂರ್ವಕ್ಕೆ ಕನ್ನಮ್ವಾರ್ ನಗರ, ಟಾಗೋರ್ ನಗರಗಳ ಕಟ್ಟಡಗಳು. ಗೋದ್ರೇಜ್ ಕಾರ್ಖಾನೆಗಳ ಪಿರೋಜ್‌ಶಾನಗರ. ಥಾಣೆ ಖಾರಿಯ ಅಂಚಿನ ಮ್ಯಾಂಗ್ರೋವ್ ಕಾಡು. ಇಷ್ಟು ಬಗೆಯ ನೋಟಗಳು ಕೈಗೆಟಕುವಂತಿರುವಾಗ ಛಾಯಾಗ್ರಾಹಕನ ಉತ್ಸಾಹಕ್ಕೆ ಮೇರೆಯುಂಟೆ? ಚಿತ್ರ ಕೊಳಕು ಗಟಾರದ ದೃಶ್ಯದಿಂದ ಆರಂಭವಾಗುತ್ತದೆ. ಬಳಿಕ ಮನೆಯೊಂದರ ನೀರಿನ ಡ್ರಮ್ಮು, ಅದರೊಳಗೆ ಮಿಸುಕುವ ಹುಳುಗಳು. ಮಗುವಿಗೆ ಜ್ವರ. ತಾಯಿ ಮಾತ್ರೆ ಕೊಡುತ್ತಾಳೆ, ವೈದ್ಯರಲ್ಲಿಗೆ ಒಯ್ಯುತ್ತಾಳೆ. ಕೊನೆಗೆ ಜ್ವರ ಇಳಿಯುತ್ತದೆ, ತಾಯಿ ನಗುತ್ತಾಳೆ, ಹಿನ್ನೆಲೆಯಲ್ಲಿ ಕೊಳಲು. ಶುಭಂ. ಮೇಲುನೋಟಕ್ಕೆ ಇದರಲ್ಲಿ ಕುಂದೇನೂ ಕಾಣುವುದಿಲ್ಲ.

ಇನ್ನು ಇದನ್ನು ಯಾರಿಗಾಗಿ ತೆಗೆದರೋ ಅವರಿಗೆ ತೋರಿಸಿ, ಏನನ್ನು ಕಂಡಿರೆಂದು ಕೇಳಬೇಕು. ಸೊಳ್ಳೆ ಎಲ್ಲಿ ಹುಟ್ಟುತ್ತದೆ ಎಂದರೆ ಗಟಾರದಲ್ಲಿ ಎಂಬ ಉತ್ತರ ಬಂದರೆ ಆಶ್ಚರ್ಯವಿಲ್ಲ. ಮೊದಲ ದೃಶ್ಯ ಮನಸ್ಸಿನಲ್ಲಿ ಊರಿಬಿಡುತ್ತದೆ. ಡೆಂಗೀ ಹರಡುವ ಈಡಿಸ್ ಸೊಳ್ಳೆ ಗಟಾರದ ಜೀವಿಯಲ್ಲ. ಮನೆಯೊಳಗೂ ಸುತ್ತಮುತ್ತಲೂ ನಿಂತ ತಿಳಿನೀರಿನಲ್ಲಿ, ಎಂದರೆ ಡ್ರಮ್ಮು, ಹೂಕುಂಡದ ತಟ್ಟೆ, ಶೀತಪೆಟ್ಟಿಗೆಯ ಹಿಂಬದಿಯ ತಟ್ಟೆ, ಬಿಸುಟ ಟೈರು ಇವುಗಳಲ್ಲಿ ಅದು ಬೆಳೆಯುತ್ತದೆ, ಹಗಲಿನಲ್ಲಿ ಕಚ್ಚುತ್ತದೆ, ಬಹು ದೂರ ಹಾರುವುದೂ ಇಲ್ಲ. ಗಟಾರವನ್ನು ಶಪಿಸುತ್ತ ಮನೆಗೆ ಹೋದ ಪ್ರೇಕ್ಷಕ ತನ್ನ ಡ್ರಮ್ಮಿನ ಕಡೆ ತಿರುಗಿಯೂ ನೋಡುವುದಿಲ್ಲ. ಚಿತ್ರದಲ್ಲಿ ಗಟಾರಕ್ಕೆ ದೊರೆತದ್ದು ಹತ್ತೇ ಸೆಕೆಂಡು ಇರಬಹುದು, ಆದರೆ ಗೆದ್ದದ್ದು ಅದು.

ಇಂಥದೇ ಪ್ರಸಂಗವೊಂದನ್ನು ಮಾರ್ಷಲ್ ಮ್ಯಾಕ್ಲೂಹನ್ ತಮ್ಮ ‘ದಿ ಗುಟೆನ್‌ಬರ್ಗ್ ಗ್ಯಾಲಕ್ಸಿ’ (1962) ಗ್ರಂಥದಲ್ಲಿ ಜಾನ್ ವಿಲ್ಸನ್ ಎಂಬವರ ಮಾತಿನಲ್ಲಿ ಉದ್ಧರಿಸಿದ್ದಾರೆ. ಆಫ್ರಿಕದ ಹಳ್ಳಿಯೊಂದರಲ್ಲಿ ನಿಂತ ನೀರನ್ನು ಹೋಗಲಾಡಿಸುವ ಕ್ರಮವನ್ನು ತೋರಿಸುವ ಚಿತ್ರ. ಅವಧಿ ಸುಮಾರು ಐದು ನಿಮಿಷ. ಡಬ್ಬಗಳನ್ನು ಹೆಕ್ಕುವುದು, ಹೊಂಡಗಳನ್ನು ಬರಿದು ಮಾಡುವುದು, ಎಲ್ಲವನ್ನೂ ನಿಧಾನವಾಗಿ ತೋರಿಸಲಾಗಿತ್ತು. ನೋಡಿದವರನ್ನು ಏನು ಕಂಡಿರೆಂದು ಕೇಳಿದರೆ, ‘ಕೋಳಿ’ ಎಂದರು! ತಯಾರಿಸಿದವರಿಗೆ ತಮ್ಮ ಚಿತ್ರದಲ್ಲಿ ಕೋಳಿಯಿರುವುದೇ ತಿಳಿದಿರಲಿಲ್ಲ. ಹುಡುಕಿ ನೋಡಿದಾಗ, ಚೌಕಟ್ಟಿನ ಮೂಲೆಯಲ್ಲಿ ಒಂದು ಕ್ಷಣ ಕೋಳಿಯೊಂದು ಹಾರಿಹೋಗಿತ್ತು. ಅಕ್ಷರ ಬಾರದವರಿಗೆ ಚಿತ್ರವನ್ನು ನೋಡುವ ಅಭ್ಯಾಸವಿಲ್ಲವೆಂಬುದಕ್ಕೆ ಮ್ಯಾಕ್ಲೂಹನ್ ಇದನ್ನು ನಿದರ್ಶನವಾಗಿಸಿದರು. ನಮಗೆ ಈ ತೀರ್ಮಾನ ಒಪ್ಪಿಗೆಯಾಗುವುದಿಲ್ಲ. ಬೆಚ್ಚಿ ಓಡುವ ಕೋಳಿ ಬದುಕಿಗೆ ಸಂಬಂಧಿಸಿದ್ದು. ಅಪರಿಚಿತನೊಬ್ಬ ಡಬ್ಬ ಹೆಕ್ಕುವುದು ಹಾಗಲ್ಲ. ಪದವೀಧರರಾದ ನಾವೂ ಸಭೆಯ ಛಾಯಾಚಿತ್ರವನ್ನು ಕೈಗಿತ್ತರೆ ಮೊದಲು ಹುಡುಕುವುದು ನಮ್ಮ ಮುಖವನ್ನೇ ತಾನೆ?

ಎರಡನೆಯ ಪ್ರಶ್ನೆ: ನಾಳೆ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಏನು ಮಾಡುವಿರಿ? ‘ಜ್ವರದ ಮಾತ್ರೆ ಕೊಡುತ್ತೇವೆ’ ಎಂದರೆ, ಯಾವ ಮಾತ್ರೆಯೆಂದು ಕೇಳಬೇಕು. ಡೆಂಗೀ ಶಂಕೆಯಿರುವಾಗ ಆಸ್ಪಿರಿನ್, ಐಬುಪ್ರೊಫೆನ್‌ಗಳು ರಕ್ತಸ್ರಾವವನ್ನು ಹೆಚ್ಚಿಸುವ ಭಯವಿರುವುದರಿಂದ ಅವುಗಳನ್ನು ಕೊಡಕೂಡದು. ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಮಾತ್ರ. ಹೆಸರಿಲ್ಲದ ಮಾತ್ರೆಯ ಹಾಳೆಯನ್ನು ಹತ್ತಿರದಿಂದ ತೋರಿಸಿದ ಚಿತ್ರ, ಮೂಲೆಯ ಔಷಧದಂಗಡಿಯಿಂದ ಯಾವುದನ್ನು ತಂದರೂ ಸರಿಯೆಂದು ಕಲಿಸಿದಂತಾಗುತ್ತದೆ.

ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದುದು: ಜ್ವರ ಇಳಿದ ಮೇಲೆ? ಪ್ರೇಕ್ಷಕರು ನಗುತ್ತಾ, ‘ಇಳಿದ ಮೇಲೆ ಇನ್ನೇನು, ವಾಸಿಯಾಯಿತಲ್ಲ!’ ಎನ್ನುತ್ತಾರೆ. ಚಿತ್ರ ಹೇಳಿದ್ದೂ ಅದನ್ನೇ. ಆದರೆ ಡೆಂಗೀಯಲ್ಲಿ ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದೊಳಗೆ, ಜ್ವರ ಇಳಿಯುವ ಹೊತ್ತಿಗೇ ಅಪಾಯದ ಘಟ್ಟ ಆರಂಭವಾಗುತ್ತದೆ. ತೀವ್ರವಾದ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು ಮೂಗುಗಳಿಂದ ರಕ್ತ, ಅತಿಯಾದ ನಿತ್ರಾಣ ಅಥವಾ ಚಡಪಡಿಕೆ, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಕಥೆಗೆ ಸುಖಾಂತವಿರಲೆಂದು ಸೇರಿಸಿದ ಆ ಕೊಳಲಿನ ದೃಶ್ಯ, ತಾಯಿ ಎಚ್ಚರವಾಗಿರಬೇಕಾದ ಕಾಲದಲ್ಲೇ ಆಕೆಯನ್ನು ನಿಶ್ಚಿಂತಳನ್ನಾಗಿಸುತ್ತದೆ. ‘ಚಿತ್ರ ಹೇಗಿದೆ?’ ಎಂದು ಕೇಳಿದ್ದರೆ ಈ ದೋಷ ಎಂದೂ ಹೊರಬೀಳುತ್ತಿರಲಿಲ್ಲ. ಆ ಅಂತ್ಯವನ್ನು ಎಲ್ಲರೂ ಮೆಚ್ಚಿಯೇ ಮೆಚ್ಚುತ್ತಾರೆ.

ಆದುದರಿಂದ ಹೇಗಿದೆಯೆಂದು ಕೇಳಲೇಬಾರದು. ನಮ್ಮ ಜನ ಸಭ್ಯರು. ನೆರೆಮನೆಯ ಹುಡುಗ ಬಂದು ಕೇಳಿದರೆ, ‘ಬಹಳ ಚೆನ್ನಾಗಿದೆ ಮಗಾ, ಚಹಾ ಕುಡಿದು ಹೋಗು’ ಎಂದೇ ಹೇಳುತ್ತಾರೆ. ನೋಡಿದ್ದನ್ನು ಕಥೆಯಂತೆ ಹೇಳಿಸಬೇಕು. ಅವರು ಬಿಟ್ಟದ್ದು ಚಿತ್ರದಲ್ಲಿ ಇಲ್ಲದ್ದಕ್ಕೆ ಸಮ; ಅವರು ಸೇರಿಸಿದ್ದು ಚಿತ್ರದಲ್ಲಿ ಇದ್ದದ್ದಕ್ಕೆ ಸಮ. ತಯಾರಿಸಿದವರು ನಡುವೆ ಬಾಯಿ ಹಾಕಿ ‘ನಮ್ಮ ಉದ್ದೇಶ ಹಾಗಲ್ಲ’ ಎಂದು ವಿವರಿಸತೊಡಗಿದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಚಿತ್ರದ ಜೊತೆಗೆ ಪ್ರತಿ ಮನೆಗೂ ನಿರ್ದೇಶಕನನ್ನು ಕಳುಹಿಸಲು ಸಾಧ್ಯವೆ?

ಒಮ್ಮೆಗೆ ಆರೆಂಟು ಮಂದಿ ಸಾಕು. ಬಂಧುಗಳೂ ಸಹಪಾಠಿಗಳೂ ಬೇಡ. ತಂಡದ ಒಬ್ಬರು ತೆರೆಗೆ ಬೆನ್ನುಮಾಡಿ ಕುಳಿತು, ಯಾವ ನಿಮಿಷದಲ್ಲಿ ಯಾರು ಅತ್ತಿತ್ತ ನೋಡಿದರು, ಎಲ್ಲಿ ನಕ್ಕರು, ಎಲ್ಲಿ ಪಕ್ಕದವರನ್ನು ಕೇಳಿದರು ಎಂದು ಬರೆದಿಡಬೇಕು. ಸಂಘದ ಸಭಾಂಗಣದಲ್ಲಿ ತೋರಿಸುವಾಗ ಇನ್ನೊಂದು ತೊಡಕಿದೆ. ಹಿರಿಯರೊಬ್ಬರು ಎದ್ದು ಅಭಿಪ್ರಾಯ ಹೇಳಿದ ಮೇಲೆ ಕಿರಿಯರು ಬೇರೆ ಮಾತನಾಡುವುದಿಲ್ಲ. ಅತ್ತೆ ಹೇಳಿದ ಮೇಲೆ ಸೊಸೆಯೂ ಇಲ್ಲ. ಆದರೆ ಡ್ರಮ್ಮು ತುಂಬಿಸುವವಳೂ ಮಗುವಿಗೆ ಮಾತ್ರೆ ಕೊಡುವವಳೂ ಆ ಸೊಸೆಯೇ. ಅವಳ ಮಾತನ್ನು ಮೊದಲು, ಬೇರೆಯಾಗಿ ಕೇಳತಕ್ಕದ್ದು.

ಆಗ ಅವಳು ಡ್ರಮ್ಮಿನ ಸಂಗತಿಯನ್ನೂ ಹೇಳಿಯಾಳು. ‘ನೀರು ಶೇಖರಿಸಬೇಡಿ’ ಎಂಬ ಉಪದೇಶ ದಿನಕ್ಕೆ ಕೆಲವೇ ಗಂಟೆ ನಳದಲ್ಲಿ ನೀರು ಬರುವ ಗುಡ್ಡದ ಮನೆಗೆ ಅನ್ವಯಿಸುವುದಾದರೂ ಹೇಗೆ? ಅಲ್ಲಿಗೆ ಬೇಕಾದ ಸಲಹೆ ಬೇರೆ: ಡ್ರಮ್ಮಿಗೆ ಬಟ್ಟೆ ಬಿಗಿದು ಮುಚ್ಚಳವಿಡಿ, ವಾರಕ್ಕೊಮ್ಮೆ ಬರಿದು ಮಾಡಿ ಒಳಗೋಡೆಯನ್ನು ತಿಕ್ಕಿ ತೊಳೆಯಿರಿ. ತಿಕ್ಕುವುದು ಏಕೆಂದರೆ, ಈಡಿಸ್ ಸೊಳ್ಳೆಯ ಮೊಟ್ಟೆಗಳು ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ ಗೋಡೆಗೆ ಅಂಟಿಕೊಂಡಿರುತ್ತವೆ, ಒಣಗಿದರೂ ತಿಂಗಳುಗಟ್ಟಲೆ ಉಳಿಯಬಲ್ಲವು. ವಾರ ಏಕೆಂದರೆ, ನಮ್ಮ ಸೆಕೆಯಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಹಿಡಿಯುತ್ತದೆ. ಇದನ್ನೆಲ್ಲ ಭಾಷಣದಲ್ಲಿ ಹೇಳಿಸುವುದಕ್ಕಿಂತ ಗೋಡೆಯನ್ನು ತಿಕ್ಕುವ ಕೈಯೊಂದನ್ನು ಹತ್ತಿರದಿಂದ ತೋರಿಸಿದರೆ ಸಾಕು. ಮತ್ತೊಬ್ಬಾಕೆ, ‘ಕೊಳಕೆಲ್ಲ ನಮ್ಮ ಮನೆಯದೇ ಏನು?’ ಎಂದು ನೊಂದುಕೊಂಡಾಳು. ಆ ನೋವನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಅವಮಾನಿತನಾದವನು ಕಲಿಯುವುದಿಲ್ಲ. ಮಲೇರಿಯಾ ಹರಡುವ ನಗರದ ಸೊಳ್ಳೆ ಕಟ್ಟಡಗಳ ಮೇಲಿನ ಮುಚ್ಚಳವಿಲ್ಲದ ತೊಟ್ಟಿಗಳಲ್ಲಿಯೂ ಬೆಳೆಯುತ್ತದೆ. ಬಾಲ್ಕನಿಯ ಮನಿಪ್ಲಾಂಟಿನ ಸೀಸೆಯಲ್ಲಿ ಡೆಂಗೀಯ ಸೊಳ್ಳೆಗೂ ಮನೆಯುಂಟು. ಕ್ಯಾಮರಾ ಅಲ್ಲಿಗೂ ಹತ್ತಬೇಕು.

ಭಾಷೆಯ ವಿಷಯದಲ್ಲಿ ಮುಂಬಯಿ ಕನ್ನಡಿಗರಿಗೆ ವಿಶೇಷ ಎಚ್ಚರ ಅಗತ್ಯ. ಕರಾವಳಿಯವರು ‘ನುಸಿ’ ಎಂದರೆ ಸೊಳ್ಳೆ; ಘಟ್ಟದ ಮೇಲಿನವರಿಗೆ ನುಸಿಯೆಂದರೆ ತೆಂಗಿಗೆ ತಗಲುವ ಪೀಡೆ. ತುಳುವಿನಲ್ಲಿ ಅದು ಉಮಿಲ್. ಪದ ಯಾವುದಾದರೂ ಇರಲಿ, ಅದನ್ನು ಆಡುವ ಹೊತ್ತಿಗೆ ತೆರೆಯ ಮೇಲೆ ಸೊಳ್ಳೆ ಕಾಣುತ್ತಿದ್ದರೆ ತೊಂದರೆಯಿಲ್ಲ.

ಈ ಕ್ರಮ ಹೊಸದೇನೂ ಅಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಉಪಗ್ರಹ ದೂರದರ್ಶನ ಪ್ರಯೋಗ ಆರು ರಾಜ್ಯಗಳ 2,400 ಹಳ್ಳಿಗಳನ್ನು ಮುಟ್ಟಿತು. ಅವುಗಳಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ಕನ್ನಡ ಕಾರ್ಯಕ್ರಮಗಳು ಹೈದರಾಬಾದಿನಲ್ಲಿ ತಯಾರಾದರೆ, ಮಕ್ಕಳ ವಿಜ್ಞಾನ ಚಿತ್ರಗಳು ಇದೇ ಮುಂಬಯಿಯ ಇಸ್ರೋ ಸ್ಟುಡಿಯೋದಲ್ಲಿ ತಯಾರಾದವು. ಸಮಾಜವಿಜ್ಞಾನಿಗಳು ಪ್ರೇಕ್ಷಕರನ್ನು ಮುಂಚಿತವಾಗಿ ಅಭ್ಯಸಿಸಿದರು, ಕೆಲವು ಹಳ್ಳಿಗಳಲ್ಲಿ ನೆಲೆಸಿ ಜನರ ಪ್ರತಿಕ್ರಿಯೆಯನ್ನು ಗಮನಿಸಿದರು. 1984-85ರಲ್ಲಿ ಪ್ರಸಾರವಾದ ‘ಹಮ್ ಲೋಗ್’ ಧಾರಾವಾಹಿ ಆರಂಭದಲ್ಲಿ ಕುಟುಂಬ ಯೋಜನೆಯ ಬೋಧನೆಯಿಂದ ಭಾರವಾಗಿದ್ದುದು, ನೋಡುಗರ ಅಸಮಾಧಾನದಿಂದ ಹಗುರಾಯಿತು. ವಾರವಾರವೂ ಬೆಳೆಯುತ್ತಿದ್ದ ಕಥೆಗೆ ಅದು ಸಾಧ್ಯವಾಯಿತು. ಎಂಟು ನಿಮಿಷದ ಚಿತ್ರಕ್ಕೆ ಮುಂದಿನ ವಾರವೆಂಬುದಿಲ್ಲ.

ಹಾಗೆಂದು ಪ್ರೇಕ್ಷಕನ ಪ್ರತಿ ಮಾತಿಗೂ ತಲೆಬಾಗಬೇಕೆ? ಆರ್ಸನ್ ವೆಲ್ಸ್ ಅವರ ‘ದಿ ಮ್ಯಾಗ್ನಿಫಿಸೆಂಟ್ ಆಂಬರ್ಸನ್ಸ್’ ಚಿತ್ರವನ್ನು 1942ರಲ್ಲಿ ಪೊಮೋನಾದಲ್ಲಿ ಮುಂಚಿತವಾಗಿ ತೋರಿಸಿದಾಗ ಸಭೆ ಅಸಹನೆ ತೋರಿತು. ಕೆಲವರಾದರೂ ಅದನ್ನು ಶ್ರೇಷ್ಠವೆಂದು ಬರೆದುಕೊಟ್ಟಿದ್ದರು. ನಿರ್ಮಾಣ ಸಂಸ್ಥೆ ಗಾಬರಿಗೊಂಡು ನಲವತ್ತಕ್ಕೂ ಹೆಚ್ಚು ನಿಮಿಷಗಳನ್ನು ಕತ್ತರಿಸಿ, ಬೇರೊಂದು ಅಂತ್ಯವನ್ನು ಜೋಡಿಸಿತು. ಕತ್ತರಿಸಿದ ಭಾಗ ನಾಶವಾಯಿತು. ನೋಡುಗ ಎಲ್ಲಿ ಎಡವಿದನೆಂಬುದರಲ್ಲಿ ಅವನ ಮಾತೇ ಪ್ರಮಾಣ; ಆ ಕಲ್ಲನ್ನು ತೆಗೆಯುವ ಬಗೆ ತಯಾರಿಸಿದವರ ಹೊಣೆ. ‘ಇಲ್ಲಿ ಹಾಡು ಹಾಕಿ’ ಎಂದರೆ ಆ ದೃಶ್ಯ ಉದ್ದವಾಯಿತೆಂದು ತಿಳಿದರೆ ಸಾಕು. ಹಾಗೆಯೇ, ಹೊಗೆ ಬಿಡುವ ಯಂತ್ರದ ದೃಶ್ಯ ಇನ್ನಷ್ಟಿರಲಿ ಎಂದು ಎಲ್ಲರೂ ಕೇಳಿಯಾರು, ಅದು ನೋಡಲು ಸೊಗಸು. ಹೊಗೆ ಕೊಲ್ಲುವುದು ಹಾರುವ ಸೊಳ್ಳೆಯನ್ನು, ನೀರಿನೊಳಗಿನ ಮರಿಗಳನ್ನಲ್ಲ. ರೋಗದ ಸತ್ಯಾಂಶ ಬಹುಮತದಿಂದ ನಿರ್ಧಾರವಾಗುವಂಥದಲ್ಲ. ಸಾಹಿತ್ಯ ಸಿದ್ಧವಾದಾಗಲೂ ತಿದ್ದಿದ ಮೇಲೂ ವೈದ್ಯರೊಬ್ಬರ ಕಣ್ಣಿಗೆ ಹಾಕಿಕೊಳ್ಳಬೇಕು.

ತಿದ್ದಿದ ಚಿತ್ರವನ್ನು ಮೊದಲು ನೋಡಿದವರಿಗೇ ತೋರಿಸಿ ಪ್ರಯೋಜನವಿಲ್ಲ. ಅವರು ಆಗಲೇ ಪಾಠ ಕೇಳಿದವರು. ಹೊಸಬರನ್ನು ಕೂರಿಸಿ ಅದೇ ಮೂರು ಪ್ರಶ್ನೆ ಕೇಳಬೇಕು. ಹಳೆಯ ಪ್ರತಿಯನ್ನು ಅಳಿಸದೆ ಇಟ್ಟುಕೊಳ್ಳುವುದು ಒಳ್ಳೆಯದು. ಮಳೆ ಜೂನ್ ತಿಂಗಳಿಗೆ ಬರುತ್ತದೆ, ಅದರ ಹಿಂದೆಯೇ ಜ್ವರವೂ. ಮೇ ತಿಂಗಳಲ್ಲಿ ನಮ್ಮವರಲ್ಲಿ ಅರ್ಧಕ್ಕರ್ಧ ಮಂದಿ ಊರಿಗೆ ಹೋಗಿರುತ್ತಾರೆ. ಆದ್ದರಿಂದ ಎರಡೂ ಪ್ರದರ್ಶನಗಳು ಏಪ್ರಿಲ್ ಮುಗಿಯುವುದರೊಳಗೆ ಆಗಬೇಕು.