ಮೊದಲು ಸೋಫಾ, ಆಮೇಲೆ ಫ್ಯಾನ್, ಕೊನೆಗೆ ಲೈಟ್

ಹೊಸ ಫ್ಲ್ಯಾಟಿನ ಕೀಲಿ ಕೈಗೆ ಬಂದ ವಾರದಲ್ಲೇ ಬಹಳಷ್ಟು ಮಂದಿ ಹಿಡಿಯುವ ಮೊದಲ ಕೆಲಸ ಫಾಲ್ಸ್ ಸೀಲಿಂಗ್. ಜಿಪ್ಸಮ್ ಬೋರ್ಡ್ ಕೂರಿಸುವವರು ಬಂದು ಮೊಬೈಲಿನಲ್ಲಿ ನಾಲ್ಕು ಡಿಸೈನ್ ತೋರಿಸುತ್ತಾರೆ, ಲೈಟಿಗೆ ತೂತು ಕೊರೆದು ಹೋಗುತ್ತಾರೆ. ಆಮೇಲೆ ಪೇಂಟಿಂಗ್, ಕರ್ಟನ್. ಗೃಹಪ್ರವೇಶಕ್ಕೆ ಎರಡು ದಿನ ಇರುವಾಗ ಸೋಫಾ ಬಂದಿಳಿಯುತ್ತದೆ. ಆಗ ನೋಡಿದರೆ ಬೆಳಕೆಲ್ಲ ಓಡಾಡುವ ದಾರಿಗೆ ಬೀಳುತ್ತಿರುತ್ತದೆ, ಪೇಪರ್ ಓದಲು ಕೂರುವ ಮೂಲೆ ಕತ್ತಲು, ಸ್ವಿಚ್ ಬೋರ್ಡು ಸೋಫಾ ಬೆನ್ನಿನ ಹಿಂದೆ. ದುಡ್ಡು ಕಡಿಮೆಯಾಗಿ ಮನೆ ಕೆಟ್ಟದ್ದಲ್ಲ, ಕೆಲಸದ ಕ್ರಮ ತಿರುವುಮುರುವಾಗಿ ಕೆಟ್ಟದ್ದು.

ಸರಿಯಾದ ಕ್ರಮ ಹೀಗೆ. ಮೊದಲು ಎಲ್ಲಿ ಕೂರುತ್ತೀರಿ, ಎಲ್ಲಿ ಉಣ್ಣುತ್ತೀರಿ, ಎಲ್ಲಿ ಮಲಗುತ್ತೀರಿ ಎಂಬುದನ್ನು ಗೊತ್ತುಮಾಡಿ. ಅದನ್ನು ನೋಡಿಕೊಂಡು ಫ್ಯಾನ್. ಇವೆರಡನ್ನೂ ನೋಡಿಕೊಂಡು ಲೈಟ್. ಸೀಲಿಂಗಿನವರನ್ನು ಇಷ್ಟಾದ ಮೇಲೆ ಕರೆಯಿರಿ.

ನೆಲದ ಮೇಲೆ ಟೇಪ್ ಹಚ್ಚಿ

ಅಳತೆ ಪಟ್ಟಿ ಮತ್ತು ಮಾಸ್ಕಿಂಗ್ ಟೇಪ್ ತಂದುಕೊಳ್ಳಿ. ನೋಡಿಟ್ಟ ಸೋಫಾದ ಉದ್ದ, ಅಗಲವನ್ನು ಖಾಲಿ ಹಾಲಿನ ನೆಲದ ಮೇಲೆ ಟೇಪಿನಲ್ಲೇ ಎಳೆಯಿರಿ. ಶೋರೂಮಿನ ಎತ್ತರದ ಸೂರಿನ ಕೆಳಗೆ ಎಲ್ಲ ಪೀಠೋಪಕರಣವೂ ಚಿಕ್ಕದಾಗಿ ಕಾಣುತ್ತದೆ. ಹತ್ತಡಿ ಅಗಲದ ಹಾಲಿಗೆ ಬಂದಾಗ ಅದರ ನಿಜವಾದ ಗಾತ್ರ ಗೊತ್ತಾಗುತ್ತದೆ. ಸೋಫಾಕ್ಕೂ ಸೆಂಟರ್ ಟೇಬಲ್ಲಿಗೂ ನಡುವೆ 14ರಿಂದ 18 ಇಂಚು, ಜನ ಓಡಾಡುವ ದಾರಿಗೆ ಕನಿಷ್ಠ 30 ಇಂಚು ಬಿಡಿ. ಊಟದ ಮೇಜಿಗೆ ತಲೆಗೆ 24 ಇಂಚು ಲೆಕ್ಕ; ಕುರ್ಚಿ ಹಿಂದಕ್ಕೆ ಎಳೆದು ಏಳಲು 36 ಇಂಚು ಬೇಕು. ಟೇಪಿನ ಗೆರೆ ತುಳಿಯದೆ ಅಡುಗೆಮನೆಯಿಂದ ಬಾಲ್ಕನಿಗೆ ನಡೆದು ನೋಡಿ. ತುಳಿದಿರಾದರೆ ಸೋಫಾ ದೊಡ್ಡದಾಯಿತು ಎಂದೇ ಅರ್ಥ.

ಲಿಫ್ಟಿನ ಬಾಗಿಲು, ಮೆಟ್ಟಿಲ ತಿರುವು, ಮುಂಬಾಗಿಲು ಇವನ್ನೂ ಅಳೆಯಿರಿ. ಎಲ್-ಶೇಪ್ ಸೋಫಾ ಆರ್ಡರ್ ಮಾಡುವಾಗ ಉದ್ದನೆಯ ತುಂಡು ಎಡಕ್ಕೋ ಬಲಕ್ಕೋ ಎಂದು ಅಂಗಡಿಯವರು ಕೇಳುತ್ತಾರೆ. ಆ ಎಡ-ಬಲ ಸೋಫಾದಲ್ಲಿ ಕೂತವರದ್ದೋ ಎದುರು ನಿಂತವರದ್ದೋ ಎಂಬುದು ಅಂಗಡಿಯಿಂದ ಅಂಗಡಿಗೆ ಬೇರೆ. ಬಾಯಿಮಾತು ಬೇಡ, ಹಾಳೆಯ ಮೇಲೆ ಚಿತ್ರ ಬರೆದು ಬಿಲ್ಲಿಗೆ ಲಗತ್ತಿಸಿ.

ಈಗಿನ ಫ್ಯಾಶನ್ ಸೋಫಾಗಳು ನೆಲಕ್ಕೆ ತೀರಾ ಹತ್ತಿರ. ಹದಿನಾಲ್ಕು ಇಂಚಿನ ಆಸನ ಫೋಟೊದಲ್ಲಿ ಚೆಂದ. ಮಂಡಿನೋವಿರುವ ಅತ್ತೆಯವರು ಅದರಿಂದ ಏಳಬೇಕಾದರೆ ಇಬ್ಬರು ಕೈ ಕೊಡಬೇಕು. ಮನೆಯಲ್ಲಿ ಹಿರಿಯರಿದ್ದರೆ ಆಸನದ ಎತ್ತರ 17-18 ಇಂಚು ಇರಲಿ, ಕೈ ಊರಲು ಗಟ್ಟಿ ಹಿಡಿ ಇರಲಿ. ಫೋಮ್ ಎಷ್ಟು ಡೆನ್ಸಿಟಿ ಎಂದು ಕೇಳಿ. ಕೂರುವ ಭಾಗಕ್ಕೆ 32ಕ್ಕಿಂತ ಕಡಿಮೆ ಎಂದರೆ ನಾನಂತೂ ಕೊಳ್ಳುವುದಿಲ್ಲ. ಸೆಂಟರ್ ಟೇಬಲ್ ಒಬ್ಬರೇ ಎತ್ತಿಡುವಷ್ಟು ಹಗುರವಾಗಿರಲಿ. ಸತ್ಯನಾರಾಯಣ ಪೂಜೆಯ ದಿನ ಹಾಲ್ ಖಾಲಿ ಮಾಡುವವರು ನೀವೇ ತಾನೆ?

ಫ್ಯಾನಿನ ನೆರಳು

ಈ ಪುರವಣಿಗೆ ಫೋಟೊ ಕಳಿಸಿ ಸಲಹೆ ಕೇಳುವ ಓದುಗರ ಮನೆಗಳಲ್ಲಿ ಹೆಚ್ಚಾಗಿ ಕಾಣುವ ತಪ್ಪು ಇದು. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಸೀಲಿಂಗಿನ ನಟ್ಟನಡುವೆ ಫ್ಯಾನ್, ಅದರ ಸುತ್ತ ಅಂದವಾಗಿ ನಾಲ್ಕು ಡೌನ್‌ಲೈಟ್. ನಕ್ಷೆಯಲ್ಲಿ ರಂಗೋಲಿಯಂತೆ ಸುಂದರ. ಸಂಜೆ ಫ್ಯಾನ್ ಹಾಕಿ ಲೈಟ್ ಹಚ್ಚಿದರೆ ರೆಕ್ಕೆಗಳು ಬೆಳಕನ್ನು ಕತ್ತರಿಸುತ್ತ ಹೋಗುತ್ತವೆ. ಗೋಡೆ, ನೆಲ, ಕೈಯಲ್ಲಿರುವ ಪುಸ್ತಕ ಎಲ್ಲದರ ಮೇಲೂ ನೆರಳು ಪಟಪಟ ಬಡಿಯುತ್ತದೆ. ವೇಗ ಕಡಿಮೆ ಮಾಡಿದರೆ ಇನ್ನೂ ಎದ್ದು ಕಾಣುತ್ತದೆ. ಮನೆಯವರು ಬಲ್ಬ್ ಕೆಟ್ಟಿದೆ ಎಂದುಕೊಂಡು ಬದಲಾಯಿಸುತ್ತಾರೆ, ಎಲೆಕ್ಟ್ರಿಷಿಯನ್ ವೋಲ್ಟೇಜ್ ಎನ್ನುತ್ತಾನೆ. ಎರಡೂ ಅಲ್ಲ. ತಲೆನೋವಿನ ಪ್ರವೃತ್ತಿ ಇದ್ದವರಿಗೆ ಅಂಥ ಕೋಣೆಯಲ್ಲಿ ಕೂರುವುದೇ ಕಷ್ಟ.

ಲೆಕ್ಕ ಸರಳ. ಸಾಮಾನ್ಯ ಫ್ಯಾನಿನ ವ್ಯಾಸ 1200 ಮಿಲಿಮೀಟರ್, ಅಂದರೆ ನಡುವಿನಿಂದ ರೆಕ್ಕೆಯ ತುದಿಗೆ ಎರಡಡಿ. ರೆಕ್ಕೆ ಸೀಲಿಂಗಿನಿಂದ ಸುಮಾರು ಒಂದಡಿ ಕೆಳಗಿರುತ್ತದೆ. ನಾವು ಕೊಳ್ಳುವ ಮಾಮೂಲಿ ಪ್ಯಾನೆಲ್ ಲೈಟಿನ ಬೆಳಕು ಸುಮಾರು 120 ಡಿಗ್ರಿಯಷ್ಟು ಹರಡುತ್ತದೆ. ಒಂದಡಿ ಇಳಿಯುವಷ್ಟರಲ್ಲಿ ಅದು ಪಕ್ಕಕ್ಕೆ ಒಂದೂಮುಕ್ಕಾಲು ಅಡಿಯಷ್ಟು ಚಾಚುತ್ತದೆ. ಎರಡನ್ನೂ ಕೂಡಿದರೆ ಫ್ಯಾನಿನ ನಡುವಿನಿಂದ ಲೈಟಿಗೆ ನಾಲ್ಕಡಿ ದೂರ ಬೇಕು. ಹತ್ತಡಿ-ಹತ್ತಡಿ ಕೋಣೆಯಲ್ಲಿ ಹಾಗೆಂದರೆ ಲೈಟುಗಳು ಗೋಡೆಯಿಂದ ಒಂದಡಿ ಮಾತ್ರ ಒಳಗೆ ಬರುತ್ತವೆ. ಅಲ್ಲೇ ಇರಲಿ. ಅಷ್ಟು ದೂರ ಸಿಗದಿದ್ದರೆ ಬೆಳಕು ಕಡಿಮೆ ಹರಡುವ, 36 ಡಿಗ್ರಿ ಎಂದು ನಮೂದಿಸಿರುವ ಸ್ಪಾಟ್ ಲೈಟ್ ತನ್ನಿ. ಅದು ನೇರ ಕೆಳಗೆ ಬೀಳುತ್ತದೆ.

ಇನ್ನೂ ಒಳ್ಳೆಯ ದಾರಿಯೆಂದರೆ ಬೆಳಕನ್ನು ರೆಕ್ಕೆಯ ಕೆಳಗೆ ತರುವುದು. ಗೋಡೆಗೆ ಐದೂವರೆ-ಆರಡಿ ಎತ್ತರದಲ್ಲಿ ಲ್ಯಾಂಪ್, ಓದುವ ಕುರ್ಚಿಯ ಪಕ್ಕ ಸ್ಟ್ಯಾಂಡಿಂಗ್ ಲ್ಯಾಂಪ್. ಆದರೆ ಮೇಲ್ಮುಖವಾಗಿ ಮಾತ್ರ ಬೆಳಕು ಚೆಲ್ಲುವ ಗೋಡೆ ದೀಪವನ್ನು ಫ್ಯಾನಿನ ಹತ್ತಿರ ಹಾಕಬೇಡಿ, ನೆರಳು ಸೀಲಿಂಗಿನ ಮೇಲೆ ಕುಣಿಯುತ್ತದೆ. ಸೀಲಿಂಗಿನ ಅಂಚಿನಲ್ಲಿ ಅಡಗಿಸುವ ಕೋವ್ ಲೈಟಿನಿಂದ ಈ ಕಾಟ ಬಹಳ ಕಡಿಮೆ. ಏಕೆಂದರೆ ಆ ಬೆಳಕು ಸೂರಿಗೆ ತಾಗಿ ಚೆದುರಿ ಬರುತ್ತದೆ.

ಫ್ಯಾನಿನ ಬಗ್ಗೆಯೇ ಇನ್ನೊಂದು ಎಚ್ಚರಿಕೆ. ಸೀಲಿಂಗ್ ಆರಿಂಚು ಕೆಳಗೆ ಬಂದರೆ ಫ್ಯಾನಿನ ರಾಡ್ ಕೂಡ ಅಷ್ಟು ಹೆಚ್ಚು ಉದ್ದ ಇರಬೇಕು. ಕೊಕ್ಕೆ ಮಾತ್ರ ಮೋಲ್ಡಿನಲ್ಲಿರುವುದೇ ಆಗಬೇಕು. ಜಿಪ್ಸಮ್ಮಿನ ಚೌಕಟ್ಟಿಗೆ ಫ್ಯಾನ್ ತೂಗುಹಾಕುತ್ತೇವೆ ಎಂದವರನ್ನು ಅಲ್ಲಿಂದಲೇ ಕಳಿಸಿಬಿಡಿ. ರೆಕ್ಕೆ ನೆಲದಿಂದ ಏಳಡಿಗಿಂತ ಕೆಳಗೆ ಬರಕೂಡದು. ಎಂಟಡಿ ಸಿಕ್ಕರೆ ಉತ್ತಮ. ಸೂರಿನ ಎತ್ತರ ಒಂಬತ್ತಡಿಯೇ ಇದ್ದರೆ ಹಾಲಿಗೆ ಪೂರ್ತಿ ಫಾಲ್ಸ್ ಸೀಲಿಂಗ್ ಯಾಕೆ ಬೇಕು ಎಂಬುದು ನನ್ನ ಪ್ರಶ್ನೆ. ಸುತ್ತಲೂ ಒಂದೂವರೆ ಅಡಿಯ ಪಟ್ಟಿ ಸಾಕು.

ಎಷ್ಟು ಬೆಳಕು, ಯಾವ ಬಣ್ಣ

ವಾಟ್ ನೋಡುವ ಕಾಲ ಹೋಯಿತು, ಡಬ್ಬಿಯ ಮೇಲೆ ಲ್ಯೂಮೆನ್ ನೋಡಿ. 140 ಚದರಡಿಯ ಹಾಲಿಗೆ ದಿನಬಳಕೆಗೆ 2500ರಿಂದ 3000 ಲ್ಯೂಮೆನ್ ಸಾಕು. ಒಳ್ಳೆಯ ಎಲ್‌ಇಡಿ ವಾಟಿಗೆ 90-100 ಲ್ಯೂಮೆನ್ ಕೊಡುತ್ತದೆ, ಅಂದರೆ 7 ವಾಟಿನ ನಾಲ್ಕು ಲೈಟು. ಅಂಗಡಿಯವರು ಹನ್ನೆರಡು ಹೇಳುತ್ತಾರೆ. ಉಳಿದ ದುಡ್ಡನ್ನು ಓದುವ ದೀಪಕ್ಕೆ, ಊಟದ ಮೇಜಿನ ಮೇಲಿನ ತೂಗುದೀಪಕ್ಕೆ ಹಾಕಿ. ತೂಗುದೀಪದ ತಳ ಮೇಜಿನಿಂದ 30-36 ಇಂಚು ಮೇಲಿರಲಿ.

ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಬರೆದಿರುತ್ತಾರೆ. 2700-3000 ಹಳದಿ, 4000 ಹದವಾದ ಬಿಳಿ, 6500 ನೀಲಿ ಬೆರೆತ ಬಿಳಿ. ನಮಗೆ ಟ್ಯೂಬ್‌ಲೈಟಿನ ರೂಢಿಯಿಂದ 6500 ಇದ್ದರೇ ಬೆಳಕು ಎಂಬ ಭಾವನೆ. ತೇಗದ ಬಾಗಿಲು, ಹೊನ್ನೆ ಮರದ ಕುರ್ಚಿ ಆ ಬೆಳಕಿನಲ್ಲಿ ಬೂದಿ ಬಳಿದಂತೆ ಕಾಣುತ್ತವೆ. ಹಾಲಿಗೆ, ಮಲಗುವ ಕೋಣೆಗೆ 3000. ಅಡುಗೆಮನೆಗೆ, ಮಕ್ಕಳು ಓದುವ ಮೇಜಿಗೆ 4000 ತೆಗೆದುಕೊಳ್ಳಿ. ಒಂದೇ ಕೋಣೆಯಲ್ಲಿ ಎರಡು ಬಣ್ಣ ಬೆರೆಸಬೇಡಿ. ಸಿಆರ್‌ಐ ಎಂಬ ಅಂಕಿ 90ಕ್ಕಿಂತ ಮೇಲಿದ್ದರೆ ರೇಷ್ಮೆ ಸೀರೆಯ ಬಣ್ಣ ಸೀರೆಯ ಬಣ್ಣವಾಗಿಯೇ ಕಾಣುತ್ತದೆ. ವಾರ್ಡ್‌ರೋಬ್ ಎದುರಿಗಾದರೂ ಅಂಥದ್ದೊಂದು ಇರಲಿ. ಕೋವ್, ಡೌನ್‌ಲೈಟ್, ಗೋಡೆ ದೀಪ ಮೂರಕ್ಕೂ ಬೇರೆ ಬೇರೆ ಸ್ವಿಚ್ ಕೇಳಿ ಹಾಕಿಸಿಕೊಳ್ಳಿ. ಹೇಳದಿದ್ದರೆ ಎಲ್ಲವನ್ನೂ ಒಂದಕ್ಕೇ ಸೇರಿಸಿಬಿಡುವವರಿದ್ದಾರೆ.

ಮರ, ಪ್ಲೈವುಡ್, ಉಳಿದದ್ದು

ಪ್ಲೈವುಡ್‌ನಲ್ಲಿ ಎಂಆರ್ ಎಂದರೆ ವಾತಾವರಣದ ತೇವ ತಡೆಯುವುದಷ್ಟೆ, ನೀರನ್ನಲ್ಲ. ಸಿಂಕಿನ ಕೆಳಗೆ, ಬಚ್ಚಲಿನ ಪಕ್ಕದ ಗೋಡೆಗೆ ಐಎಸ್ 710 ಮುದ್ರೆಯ ಬಿಡಬ್ಲ್ಯುಪಿ ಹಾಕಿಸಿ, ಹಾಳೆ ಕತ್ತರಿಸುವ ಮುಂಚೆ ಮುದ್ರೆ ನೋಡಿ. ಕರಾವಳಿ, ಮಲೆನಾಡಿನವರು ಪಾರ್ಟಿಕಲ್ ಬೋರ್ಡಿನ ಮಂಚ, ಕಪಾಟುಗಳಿಂದ ದೂರ ಇರುವುದೇ ಕ್ಷೇಮ. ಮಳೆಗಾಲದ ತೇವಕ್ಕೆ ಅಂಚು ಉಬ್ಬುತ್ತದೆ. ಯಾವ ಊರಾದರೂ ಕಪಾಟಿಗೆ, ಟಿವಿ ಯೂನಿಟ್ಟಿಗೆ ನಾಲ್ಕಿಂಚು ಕಾಲಿರಲಿ, ನೆಲ ಒರೆಸಿದ ನೀರು ಬುಡಕ್ಕೆ ತಾಗದು. ಟಿವಿ ಎದುರಿನ ಗೋಡೆಗೆ ಟ್ಯೂಬ್ ಬೇಡ, ಪರದೆಯಲ್ಲಿ ಅದೇ ಕಾಣುತ್ತದೆ. ಮಂಚದ ಎರಡೂ ಬದಿಗೆ ಕೈಗೆಟಕುವ ಟೂ-ವೇ ಸ್ವಿಚ್. ಅಡುಗೆಮನೆಯಲ್ಲಿ ಮೇಲಿನ ಕಪಾಟಿನ ತಳಕ್ಕೆ ಸ್ಟ್ರಿಪ್ ಲೈಟ್, ಇಲ್ಲದಿದ್ದರೆ ತರಕಾರಿ ಹೆಚ್ಚುವಾಗ ನಿಮ್ಮ ನೆರಳೇ ಅಡ್ಡ.

ಕೋವ್ ಲೈಟಿನಲ್ಲಿ ಎಲ್‌ಇಡಿ ಪಟ್ಟಿಗಿಂತ ಮೊದಲು ಕೈಕೊಡುವುದು ಸಾಮಾನ್ಯವಾಗಿ ಅದಕ್ಕೆ ಕರೆಂಟು ಕೊಡುವ ಡ್ರೈವರ್. ಬೋರ್ಡ್ ಒಡೆಯದೆ ಅದನ್ನು ಬದಲಿಸುವಂತೆ ಒಂದು ಕಿಂಡಿ ಬಿಡಿಸಿ. ಜಿಪ್ಸಮ್ ಮುಚ್ಚುವ ಹಿಂದಿನ ದಿನ, ವೈರು ಕಾಣುತ್ತಿರುವಾಗಲೇ, ಗೋಡೆಯಿಂದ ಗೋಡೆಗೆ ಅಳತೆ ಪಟ್ಟಿ ಹಿಡಿಸಿ ಇಡೀ ಸೀಲಿಂಗಿನ ಫೋಟೊ ತೆಗೆದು ಇಟ್ಟುಕೊಳ್ಳಿ.