ಮೊತ್ತ ಒಂದೇ, ಬೆಳೆ ಬೇರೆ: ಬರವನ್ನು ಅಳೆಯುವ ಪಾಠ

ತರಗತಿ: 9
ವಿಷಯ: ವಿಜ್ಞಾನ (ಗಣಿತದ ಜೋಡಣೆಯೊಂದಿಗೆ)
ಅವಧಿ: 45 ನಿಮಿಷಗಳ 2 ಅವಧಿಗಳು
ಬೋಧನೋಪಕರಣಗಳು: ನೇರ ಬದಿಯ ಪ್ಲಾಸ್ಟಿಕ್ ಬಾಟಲಿ, ಸ್ಕೇಲು, ಗ್ರಾಫ್ ಹಾಳೆ, ಎರಡು ಊರುಗಳ ಮಳೆಪಟ್ಟಿ

ಪಾಠದ ಆಯ್ಕೆ

ನಾನು ಬೋಧನಾಭ್ಯಾಸಕ್ಕೆ ಹೋದದ್ದು ಚಳ್ಳಕೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಗೆ. ಮಕ್ಕಳಲ್ಲಿ ಹೆಚ್ಚಿನವರದು ಮಳೆಯನ್ನೇ ನಂಬಿ ಶೇಂಗಾ ಬೆಳೆಯುವ ಮನೆ. ಬರ ಹೇಗಿರುತ್ತದೆ ಎಂದು ಅವರಿಗೆ ಹೇಳಿಕೊಡಬೇಕಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಇಂಥ ಘೋಷಣೆ ಯಾವ ಅಳತೆಯ ಮೇಲೆ ನಿಲ್ಲುತ್ತದೆ ಎಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಅದನ್ನೇ ಪಾಠವಾಗಿಸಿಕೊಂಡೆ.

ತೊಡಗಿಸಿಕೊಳ್ಳುವಿಕೆ

"10 ಮಿಲಿಮೀಟರ್ ಮಳೆ ಎಂದರೆ ಎಷ್ಟು ನೀರು?" ಎಂದು ಕೇಳಿದೆ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ನೀರು ನಿಂತರೆ ಅದು 1 ಲೀಟರ್ ಎಂಬುದನ್ನು ಮಕ್ಕಳೇ ಲೆಕ್ಕ ಹಾಕಿದರು. ಒಂದು ಎಕರೆಗೆ 10 ಮಿ.ಮೀ. ಮಳೆಯೆಂದರೆ ಸುಮಾರು 40,000 ಲೀಟರ್. ಈ ಸಂಖ್ಯೆ ಬಂದ ಮೇಲೆ ಮಿಲಿಮೀಟರ್ ಅವರಿಗೆ ಸಣ್ಣದಾಗಿ ಕಾಣಲಿಲ್ಲ.

ಪರಿಶೋಧನೆ

ಕಲ್ಪಿತ ಎರಡು ಊರುಗಳ ಎಂಟು ವಾರದ ಮಳೆಯನ್ನು ಕಪ್ಪುಹಲಗೆಯ ಮೇಲೆ ಬರೆದೆ. ಎರಡಕ್ಕೂ ವಾರದ ವಾಡಿಕೆ ಮಳೆ 20 ಮಿ.ಮೀ., ಒಟ್ಟು 160.

ಊರು 'ಅ': 18, 22, 16, 24, 14, 20, 17, 13
ಊರು 'ಆ': 52, 38, 4, 0, 3, 2, 0, 45

ಗುಂಪುಗಳು ಕೂಡಿ ನೋಡಿದಾಗ ಎರಡೂ ಊರಿಗೆ 144 ಬಂತು. ಬಿದ್ದ ಮಳೆಯಿಂದ ವಾಡಿಕೆ ಮಳೆಯನ್ನು ಕಳೆದು, ವಾಡಿಕೆಯಿಂದ ಭಾಗಿಸಿ, 100ರಿಂದ ಗುಣಿಸಿದರೆ ಶೇ. 10ರಷ್ಟು ಕೊರತೆ. ಭಾರತ ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ ಶೇ. 19ರವರೆಗಿನ ಕೊರತೆ 'ವಾಡಿಕೆ' ಮಳೆಯೇ. ಶೇ. 20ರಿಂದ 59 ಆದರೆ 'ಕೊರತೆ', 60 ದಾಟಿದರೆ 'ತೀವ್ರ ಕೊರತೆ'.

"ಹಾಗಾದರೆ ಎರಡೂ ಊರಲ್ಲಿ ಬೆಳೆ ಒಂದೇ ಥರ ಬಂದಿರಬೇಕಲ್ಲ?" ಎಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸೂಜಿ ಇಳಿಯೋ ಹೊತ್ತಿಗೆ ನೆಲ ಗಟ್ಟಿಯಾಗಿದ್ರೆ ಕಾಯಿ ಎಲ್ಲಿಂದ ಬರ್ತದೆ ಸಾರ್?" ಎಂದಳು. ಶೇಂಗಾ ಹೂವಿನ ಬುಡದಿಂದ ಸೂಜಿಯಂಥ ಭಾಗ ಮಣ್ಣಿಗಿಳಿದ ಮೇಲೆಯೇ ಕಾಯಿ ಕಟ್ಟುತ್ತದೆ. ಪಾಠದ ತಿರುಳನ್ನು ಅವಳೇ ಹೇಳಿಬಿಟ್ಟಿದ್ದಳು.

ವಿವರಣೆ

ಕೇಂದ್ರ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿ ಈ ಕಾರಣಕ್ಕೇ ಮಳೆಯ ಕೊರತೆಯ ಜೊತೆಗೆ ಒಣ ಅವಧಿಯನ್ನೂ ನೋಡುತ್ತದೆ. ಮೂರು-ನಾಲ್ಕು ವಾರ ಸತತವಾಗಿ ಪ್ರತಿ ವಾರವೂ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆಯಾದರೆ ಅದು ಒಣ ಅವಧಿ. 'ಆ' ಊರಿನಲ್ಲಿ ಅಂಥ ಐದು ವಾರಗಳನ್ನು ಮಕ್ಕಳು ಗ್ರಾಫಿನಲ್ಲಿ ಕೆಂಪು ಬಣ್ಣದಿಂದ ಗುರುತಿಸಿದರು. ಮಳೆಯ ನಂತರದ ಹಂತದಲ್ಲಿ ಬಿತ್ತನೆಯಾದ ಪ್ರದೇಶ, ಮಣ್ಣಿನ ತೇವಾಂಶ, ಜಲಾಶಯ ಮತ್ತು ಅಂತರ್ಜಲದ ಸ್ಥಿತಿ, ಉಪಗ್ರಹ ಕಾಣುವ ಹಸಿರು ಇವೆಲ್ಲ ಲೆಕ್ಕಕ್ಕೆ ಬರುತ್ತವೆ.

ಆರೋಗ್ಯವಂತ ಎಲೆ ಕೆಂಪು ಬೆಳಕನ್ನು ಹೀರಿ, ಅವಕೆಂಪು ಕಿರಣಗಳನ್ನು ಹೆಚ್ಚಾಗಿ ಪ್ರತಿಫಲಿಸುತ್ತದೆ. ಉಪಗ್ರಹ ಈ ವ್ಯತ್ಯಾಸವನ್ನು ಅಳೆಯುತ್ತದೆ. ಆದರೆ ಹೊಲದಲ್ಲಿ ಕಳೆ ಹಸಿರಾಗಿದ್ದರೂ, ಕಾಯಿಯಿಲ್ಲದ ಗಿಡ ಹಸಿರಾಗಿದ್ದರೂ ಮೇಲಿನಿಂದ ಹಸಿರಾಗಿಯೇ ಕಾಣಬಹುದು. 2023ರಲ್ಲಿ ನಮ್ಮ ರಾಜ್ಯದಲ್ಲಿ 'ಹಸಿರು ಬರ' ಎಂಬ ಮಾತು ಕೇಳಿಬಂದದ್ದು ಇದಕ್ಕೇ. ಆದ್ದರಿಂದಲೇ ಆಯ್ದ ಹಳ್ಳಿಗಳ ಹೊಲಕ್ಕೆ ಹೋಗಿ ಬೆಳೆ ನೋಡುವುದು ಕೊನೆಯ ಹಂತ. ಶೇ. 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ನಷ್ಟವಾದರೆ ಮಾತ್ರ ವಿಪತ್ತು ಪರಿಹಾರ ನಿಧಿಯ ನೆರವು ಸಿಗುತ್ತದೆ.

ವಿಸ್ತರಣೆ

"ನಮ್ಮೂರಲ್ಲಿ ಮಳೆ ಬಂದರೂ ನಮ್ಮ ಹೊಲಕ್ಕೆ ಬರೋದಿಲ್ಲ, ಅದನ್ನ ಯಾರು ಅಳೀತಾರೆ?" ಎಂದು ಒಬ್ಬ ಕೇಳಿದ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾದ ಇಂದಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದವರೆಗೆ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ ಎಂದು ತಿಳಿಸಿದೆ. ಆದರೂ ಒಂದು ಪಂಚಾಯಿತಿಯಲ್ಲಿ ಹಲವು ಹಳ್ಳಿಗಳಿರುತ್ತವೆ, ಅವನ ಸಂದೇಹ ನ್ಯಾಯವಾದದ್ದೇ. ಶಾಲೆಯಲ್ಲಿಯೇ ಒಂದು ಮಳೆಮಾಪಕ ಮಾಡಲು ಅದೇ ಕಾರಣವಾಯಿತು. ಬಾಟಲಿಯ ಮೇಲ್ಭಾಗ ಕತ್ತರಿಸಿ ಆಲಿಕೆಯಂತೆ ಬೋರಲು ಹಾಕಿದೆವು. ತಳದ ಉಬ್ಬುತಗ್ಗು ಮುಚ್ಚುವಷ್ಟು ಬೆಣಚುಕಲ್ಲು ಮತ್ತು ನೀರು ತುಂಬಿ, ಆ ಮಟ್ಟಕ್ಕೆ ಸೊನ್ನೆ ಗುರುತು ಹಾಕಿದೆವು. ಮರ, ಗೋಡೆಗಳಿಂದ ದೂರ ಇಟ್ಟೆವು.

ಮೌಲ್ಯಮಾಪನ

1. ವಾಡಿಕೆ 120 ಮಿ.ಮೀ., ಬಿದ್ದದ್ದು 84 ಮಿ.ಮೀ. ಕೊರತೆ ಶೇಕಡಾ ಎಷ್ಟು? ಅದು ಯಾವ ವರ್ಗ?
2. ಒಟ್ಟು ಮಳೆ ವಾಡಿಕೆಯಷ್ಟಿದ್ದರೂ ಬೆಳೆ ಒಣಗಬಹುದೇ? ಕಾರಣ ಕೊಡಿ.

ಎರಡನೆಯ ಪ್ರಶ್ನೆಗೆ ಹೆಚ್ಚಿನ ಮಕ್ಕಳು ತಮ್ಮ ಹೊಲದ ಉದಾಹರಣೆಯನ್ನೇ ಬರೆದರು.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಮಳೆಪಟ್ಟಿ ತಯಾರಿಸುವಾಗ ನಿಮ್ಮ ಶಾಲೆಯ ಸುತ್ತಲಿನ ಬೆಳೆಯನ್ನೇ ಆರಿಸಿಕೊಳ್ಳಿ. ರಾಗಿಯಾದರೆ ತೆನೆ ಬರುವ ಕಾಲ, ಮೆಕ್ಕೆಜೋಳವಾದರೆ ಸೂಲಂಗಿ ಒಡೆಯುವ ಕಾಲಕ್ಕೆ ಒಣ ವಾರಗಳು ಬೀಳುವಂತೆ ಅಂಕಿಗಳನ್ನಿಡಿ. ದಿನವೂ ಬೆಳಿಗ್ಗೆ 8.30ಕ್ಕೆ ಅಳತೆ ಬರೆಯುವ ಪುಸ್ತಕವನ್ನು ಇಬ್ಬರು ಮಕ್ಕಳಿಗೆ ವಹಿಸಿ. ಮಳೆ ಬಾರದ ದಿನ '0' ಎಂದು ಬರೆಯುವುದನ್ನು ತಪ್ಪದೆ ರೂಢಿ ಮಾಡಿಸಿ. ಒಣ ಅವಧಿಯ ಲೆಕ್ಕಕ್ಕೆ ಬೇಕಾಗುವುದು ಆ ಸೊನ್ನೆಗಳೇ.